ಚಿನ್ನದ ಗಣಿಯ ಮಾತುಗಳು

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ, ಬಂಡೆಗಳ ಬೆಟ್ಟವೊಂದರ ಮಗ್ಗುಲಲ್ಲಿ, ದೇವರಾಯಸಮುದ್ರವೆಂಬ ಊರಿದೆ. ಅದು ನನ್ನ ಊರು. ಹೆಸರಿನಲ್ಲಿ ಸಮುದ್ರವಿದ್ದರೂ ಇರುವುದು ಕೆರೆ. ನಮ್ಮ ಸೀಮೆಯಲ್ಲಿ ಕೆರೆಯನ್ನೇ ಸಮುದ್ರವೆಂದು ಕರೆದು ತೃಪ್ತಿಪಡುವ ಪದ್ಧತಿ ಹಿಂದಿನಿಂದಲೂ ಉಂಟು. ವಿಜಯನಗರದ ಪ್ರೌಢದೇವರಾಯನ ದಂಡನಾಯಕನೂ ‘ಶಿವತತ್ತ್ವಚಿಂತಾಮಣಿ’ಯ ಕರ್ತೃವೂ ಆದ ಲಕ್ಕಣ್ಣ ದಂಡೇಶ ಮುಳುವಾಯಿಯಲ್ಲಿ, ಅಂದರೆ ಇಂದಿನ ಮುಳಬಾಗಿಲಿನಲ್ಲಿ, ಅಧಿಕಾರ ನಡೆಸಿದವನು. ಹಾಗಾಗಿ ಕನ್ನಡ ಎಂ.ಎ. ತರಗತಿಯಲ್ಲಿ ಓದುತ್ತಿದ್ದಾಗ, ನಮ್ಮ ಊರಿಗೂ ಸಾಹಿತ್ಯಚರಿತ್ರೆಯಲ್ಲಿ ಒಂದು ಮೂಲೆ ಇದೆಯೆಂದು ನಾನು ಸಹಪಾಠಿಗಳ ಮುಂದೆ ಹೇಳಿಕೊಳ್ಳುತ್ತಿದ್ದೆ. ಮನೆಯಲ್ಲಿ ನಾವು ಆಡುತ್ತಿದ್ದುದು ತೆಲುಗು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ನಾನು ಹುಡುಗನಾಗಿದ್ದ ಅರವತ್ತರ ದಶಕದಲ್ಲಿ, ಬೇಸಗೆಯ ರಾತ್ರಿ ಬೆಟ್ಟದ ಮೇಲಿನ ಬಂಡೆಯ ಮೇಲೆ ಮಲಗಿದರೆ, ದಕ್ಷಿಣದ ದಿಗಂತದಲ್ಲಿ ಆಕಾಶ ಕೊಂಚ ಬೆಳ್ಳಗೆ ಕಾಣುತ್ತಿತ್ತು. ‘ಅದೇ ಕೆ.ಜಿ.ಎಫ್’ ಎಂದು ದೊಡ್ಡವರು ಕೈ ತೋರಿಸುತ್ತಿದ್ದರು. ಆಗ ನಮ್ಮ ಮನೆಯಲ್ಲಿ ಬುಡ್ಡಿದೀಪ. ಆದರೆ ಆ ಬೆಳಕು ಅಲ್ಲಿಗೆ ಬಂದು ಆಗಲೇ ಅರವತ್ತು ವರ್ಷಗಳಾಗಿದ್ದುವು. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು 92 ಮೈಲಿ ದೂರ ಹರಿದು 1902ರಲ್ಲಿ ಚಿನ್ನದ ಗಣಿಯನ್ನು ಮುಟ್ಟಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಿದ್ದು ಆ ಕಾಲಕ್ಕೆ ಜಗತ್ತೇ ಬೆರಗುಪಟ್ಟ ಸಾಹಸ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ತಂತಿ ಹಾದುಹೋದ ದಾರಿಯ ಹಳ್ಳಿಗಳ ಮಾತು ಬೇಡ. ಅವು ತಲೆಯ ಮೇಲಿನ ತಂತಿಯನ್ನು ನೋಡುತ್ತ ಎಷ್ಟೋ ದಶಕ ಕತ್ತಲಲ್ಲೇ ಕುಳಿತವು.

ಗಣಿಯ ಚರಿತ್ರೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. 1802ರಲ್ಲಿ ಜಾನ್ ವಾರನ್ ಎಂಬ ಸೈನ್ಯಾಧಿಕಾರಿ ಸರ್ವೆಗೆಂದು ಬಂದವನು ಊರಿಗಾಂ, ಮಾರಿಕುಪ್ಪಂ ಹಳ್ಳಿಗಳ ಜನ ಮಣ್ಣನ್ನು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದುದನ್ನು ಕಣ್ಣಾರೆ ಕಂಡು ಬರೆದಿಟ್ಟ. ಎಪ್ಪತ್ತು ವರ್ಷಗಳ ಮೇಲೆ ಲವೆಲ್ ಎಂಬ ಐರಿಷ್ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಪರವಾನಗಿ ಪಡೆದ. ಕೈಯಲ್ಲಿ ಹಣವಿಲ್ಲದೆ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟ. 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಕಂಪೆನಿ ಬಂತು. ಅಲ್ಲಿಂದ ಮುಂದೆ 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್, ಹೀಗೆ ಯಜಮಾನರು ಬದಲಾದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಗೆ ಬಂತು ಎನ್ನುತ್ತಾರೆ. ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ಕೆಳಗೆ ಬಂಡೆಯ ಶಾಖ ಅರವತ್ತು ಡಿಗ್ರಿಯನ್ನು ಮೀರುತ್ತದೆ; ಮೇಲೆ ಗಾಳಿಯನ್ನು ತಂಪುಮಾಡಿ ಕೆಳಗೆ ಕಳಿಸದಿದ್ದರೆ ಮನುಷ್ಯ ಅಲ್ಲಿ ನಿಲ್ಲುವಂತೆಯೇ ಇರಲಿಲ್ಲ.

ಈಚೆಗೆ ಕೆ.ಜಿ.ಎಫ್ ಎಂದರೆ ಜನರಿಗೆ ನೆನಪಾಗುವುದು 2018ರಲ್ಲಿಯೂ 2022ರಲ್ಲಿಯೂ ತೆರೆಕಂಡ ಚಲನಚಿತ್ರಗಳು. ನನ್ನ ಮೊಮ್ಮಗ ಅದನ್ನು ನೋಡಿ ಬಂದು, ‘ತಾತಾ, ನೀನು ಅಲ್ಲಿ ಪಾಠ ಹೇಳಿದ್ದೆಯಂತೆ, ಅಲ್ಲಿ ಬಂದೂಕು ಇತ್ತಾ?’ ಎಂದು ಕೇಳಿದ. ಇರಲಿಲ್ಲ ಮಗು, ಸೈಕಲ್ಲುಗಳಿದ್ದುವು ಎಂದೆ. ಅವನಿಗೆ ನಿರಾಶೆಯಾಯಿತು. ಆದರೆ ಅದು ನಿಜ. ಶಿಫ್ಟು ಬಿಡುವ ಹೊತ್ತಿಗೆ ‘ಸಂಗು’ ಕೂಗಿದರೆ ರಸ್ತೆಯ ತುಂಬ ಸೈಕಲ್ಲುಗಳೇ.

ನಾನು ಅಲ್ಲಿಗೆ ಕನ್ನಡ ಅಧ್ಯಾಪಕನಾಗಿ ಹೋದದ್ದು 1981ರಲ್ಲಿ. ಅದೇ ವರ್ಷದ ಮೊದಲಲ್ಲಿ ಗೋಕಾಕ್ ವರದಿ ಬಂದಿತ್ತು. ಮರುವರ್ಷ ನಾಡಿನಾದ್ಯಂತ ಚಳವಳಿ. ಇಪ್ಪತ್ತನಾಲ್ಕು ವರ್ಷದ ನಾನು ಎಷ್ಟು ಉತ್ಸಾಹದಲ್ಲಿದ್ದೆನೆಂಬುದನ್ನು ಕೇಳುಗರು ಊಹಿಸಬಹುದು. ನನ್ನ ಎದುರಿಗೆ ಕುಳಿತವರಲ್ಲಿ ಮುಕ್ಕಾಲು ಪಾಲು ತಮಿಳು ಮನೆಮಾತಿನವರು. ಅವರ ಮುತ್ತಜ್ಜಂದಿರು ಉತ್ತರ ಆರ್ಕಾಟಿನಿಂದ, ಸೇಲಂ ಧರ್ಮಪುರಿಗಳ ಕಡೆಯಿಂದ, ಚಿತ್ತೂರು ಸೀಮೆಯಿಂದ ಬಂದವರು. ಬಹುಮಂದಿ ಊರಿನಲ್ಲಿ ಜಮೀನಿಲ್ಲದ, ಕೇರಿಯಾಚೆ ಇರಿಸಲ್ಪಟ್ಟಿದ್ದ ದಲಿತರು. ಬರದಿಂದಲೂ ಜಮೀನ್ದಾರರಿಂದಲೂ ತಪ್ಪಿಸಿಕೊಂಡು ಬಂದವರಿಗೆ ಭೂಮಿಯ ಹೊಟ್ಟೆಯೇ ಆಸರೆಯಾಯಿತು. ಕಂಪೆನಿ ಕಟ್ಟಿಸಿದ ಸಾಲುಮನೆಗಳಿಗೆ ‘ಲೈನು’ ಎಂದು ಹೆಸರು. ಮೊದಮೊದಲು ಬಿದಿರ ತಟ್ಟಿಯ ಗೋಡೆ, ಒಂದೇ ಕೋಣೆ, ನಿಂತರೆ ತಲೆಗೆ ತಾಗುವ ಸೂರು. ಅತ್ತ ಸಾಹೇಬರ ಬಂಗಲೆ, ಕ್ಲಬ್ಬು, ಗಾಲ್ಫ್ ಬಯಲು, ಇಗರ್ಜಿ. ಎರಡರ ನಡುವೆ ನಡೆದು ಹೋಗುವಷ್ಟೇ ದೂರ. ಈ ಊರನ್ನು ‘ಚಿಕ್ಕ ಇಂಗ್ಲೆಂಡು’ ಎಂದು ಹೊಗಳುವವರು ಬಂಗಲೆಯ ಕಡೆಯಿಂದ ಮಾತ್ರ ನೋಡಿದವರು.

ಆದರೆ ಲೈನುಗಳಲ್ಲಿ ಬರೀ ಬಡತನವಿತ್ತೆಂದು ತಿಳಿಯುವುದೂ ತಪ್ಪು. ಪಂಡಿತ ಅಯೋತಿದಾಸರ ಬೌದ್ಧ ಚಳವಳಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮಾರಿಕುಪ್ಪಕ್ಕೆ ಬಂದು ಬೇರೂರಿತು. ಅವರ ‘ತಮಿಳನ್’ ಪತ್ರಿಕೆ ಅವರ ಕಾಲಾನಂತರ ಈ ಗಣಿಯ ಊರಿನಿಂದಲೇ, ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ, ಮತ್ತೆ ಹೊರಟಿತು. ಚಾಂಪಿಯನ್ ರೀಫ್ಸ್‌ನಲ್ಲಿ ಪುಸ್ತಕಗಳು ಅಚ್ಚಾದುವು. ಹಗಲು ಬಂಡೆ ಕೊರೆದವರು ಸಂಜೆ ಬುದ್ಧನ ಮಾತನ್ನೂ ಜಾತಿಯ ಪ್ರಶ್ನೆಯನ್ನೂ ಓದಿ ಚರ್ಚಿಸಿದರು. 1930ರಲ್ಲಿ ಕಂಪೆನಿ ಎಲ್ಲರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ, ನಾವೇನು ಕಳ್ಳರೇ ಎಂದು ಸಾವಿರಾರು ಕೂಲಿಗಳು ಕೆಲಸ ನಿಲ್ಲಿಸಿದರು. ಇದಾವುದೂ ಎಂಟು ವರ್ಷ ಅಲ್ಲಿ ಸಂಬಳ ತಿಂದ ನನಗೆ ಆಗ ಗೊತ್ತಿರಲಿಲ್ಲ. ಕೇಳಿ ತಿಳಿಯಬಹುದಾಗಿತ್ತು, ಕೇಳಲಿಲ್ಲ. ಡಿ.ವಿ.ಜಿ. ಮುಳಬಾಗಿಲಿನವರು, ಮಾಸ್ತಿ ಮಾಲೂರು ಸೀಮೆಯವರು ಎಂದು ಹೇಳಿಕೊಡುವುದರಲ್ಲಿಯೇ ನನ್ನ ಕೋಲಾರ ಜಿಲ್ಲೆ ಮುಗಿಯುತ್ತಿತ್ತು.

ಈಗ ನಾನು ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ. 1983ರ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ‘ಮಳೆಗಾಲದ ಒಂದು ರಾತ್ರಿ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಲು ಹೇಳಿದ್ದೆ. ಎಲ್ಲರೂ ಗುಡುಗು ಮಿಂಚು ಕಪ್ಪೆಗಳನ್ನು ಬರೆದರು. ಒಬ್ಬ ಹುಡುಗ ಮಾತ್ರ, ಮಳೆಯ ರಾತ್ರಿ ಅವನ ತಂದೆ ಪಾಳಿಗೆ ಹೊರಟದ್ದನ್ನು ಬರೆದಿದ್ದ. ಹೊರಗೆ ಮಳೆ, ಚಳಿ; ಒಳಗಿನ ಸೆಕೆಗೆ ಹೋಗುವವರು ಆ ಚಳಿಯನ್ನು ಮೈಗೆ ಒರೆಸಿಕೊಂಡು ಹೋಗುತ್ತಾರಂತೆ. ಕೇಜಿನಲ್ಲಿ ಇಳಿಯುವಾಗ ಕಿವಿ ಕಟ್ಟುವುದು, ಬಿಲ್ಲೆ ಒಪ್ಪಿಸಿ ದೀಪ ಪಡೆಯುವುದು, ನಡುರಾತ್ರಿ ಮನೆಯ ಪಾತ್ರೆಗಳು ಒಮ್ಮೆಲೇ ಗಲಗಲ ಎಂದಾಗ ತಾಯಿ ಎದ್ದು ಕೂತು ಬೆಳಗಿನ ತನಕ ಮಾತಾಡದೆ ಇದ್ದುದು. ಕೇಳುಗರಿಗೆ ತಿಳಿಯಲೆಂದು ಹೇಳುತ್ತೇನೆ: ಅಷ್ಟು ಆಳದಲ್ಲಿ ಕಲ್ಲನ್ನು ತೆಗೆದಾಗ ಸುತ್ತಲಿನ ಬಂಡೆ ಒತ್ತಡ ತಾಳದೆ ಒಡೆದು ಸಿಡಿಯುತ್ತದೆ. ಅದಕ್ಕೆ ಅಲ್ಲಿ ‘ಬರ್ಸ್ಟು’ ಎನ್ನುತ್ತಾರೆ. ಮೇಲಿನ ಊರಿಗೆ ಅದು ಭೂಕಂಪದಂತೆ ಬಂದು ತಟ್ಟುತ್ತದೆ. ತಟ್ಟೆ ಲೋಟ ಸದ್ದು ಮಾಡಿದರೆ ಪ್ರತಿ ಮನೆಯಲ್ಲಿಯೂ ಹೆಂಗಸರು, ಈ ಪಾಳಿಯಲ್ಲಿ ಯಾರು ಇಳಿದಿದ್ದಾರೆ ಎಂದು ಲೆಕ್ಕ ಹಾಕುತ್ತಿದ್ದರು.

ಆ ಪ್ರಬಂಧದಲ್ಲಿ ‘ಅಪ್ಪ ಕೀಳೆ ಹೋದರು’ ಎಂಬ ವಾಕ್ಯ ಮೂರು ನಾಲ್ಕು ಸಲ ಬಂದಿತ್ತು. ಪ್ರತಿಯೊಂದನ್ನೂ ಕೆಂಪು ಶಾಯಿಯಲ್ಲಿ ಸುತ್ತುಹಾಕಿ ‘ಕೆಳಗೆ’ ಎಂದು ತಿದ್ದಿದೆ. ಕೊನೆಯಲ್ಲಿ ‘ವಿಷಯಾಂತರ. ಭಾಷೆ ಅಶುದ್ಧ’ ಎಂದು ಷರಾ ಬರೆದು, ಇಪ್ಪತ್ತಕ್ಕೆ ಆರು ಅಂಕ ಕೊಟ್ಟೆ.

ಇದರಲ್ಲಿ ವಿನೋದವೊಂದಿದೆ, ಕನ್ನಡ ಓದಿದವರಿಗೆ ಅದು ಚೆನ್ನಾಗಿ ತಿಳಿಯುತ್ತದೆ. ಅದೇ ವಾರ ನಾನು ಐಚ್ಛಿಕ ಕನ್ನಡದ ನಾಲ್ಕು ಮಂದಿಗೆ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ರಳದ ಪ್ರಕರಣ ಹೇಳುತ್ತಿದ್ದೆ. ಕನ್ನಡದಿಂದ ಮಾಯವಾದ ೞ ಎಂಬ ಅಕ್ಷರ. ‘ಕೀೞ್’ ಎಂದರೆ ಕೆಳಗೆ, ಅಡಿಯಲ್ಲಿ. ನಮ್ಮ ‘ಕೆಳಗೆ’ಯೂ ಮೊದಲು ‘ಕೆೞಗೆ’ಯೇ. ಈ ಧ್ವನಿಯನ್ನು ಹೇಗೆ ಉಚ್ಚರಿಸುತ್ತಿದ್ದರೆಂದು ತಿಳಿಯಬೇಕಾದರೆ ತಮಿಳರ ಬಾಯಿಂದ ಕೇಳಬೇಕು ಎಂದು ನಾನೇ ಹೇಳಿದ್ದೆ. ಹೇಳಿದ ಬಾಯಿ ಒಂದು, ತಿದ್ದಿದ ಕೈ ಇನ್ನೊಂದು. ಆ ಹುಡುಗ ಬರೆದದ್ದು ತಮಿಳೇ ನಿಜ, ಕನ್ನಡದ ಪರೀಕ್ಷೆಯಲ್ಲಿ ಅದು ತಪ್ಪೇ ಇರಬಹುದು. ಆದರೆ ನಾನು ಪಂಪನ ಕಾಲಕ್ಕೆ ಹೋಗಿ ಹುಡುಕುತ್ತಿದ್ದ ಶಬ್ದ ನನ್ನ ಮೇಜಿನ ಮೇಲೆ ಮಳೆಯಲ್ಲಿ ನೆನೆದ ಮೈಯಲ್ಲಿ ಬಂದು ನಿಂತಿದ್ದಾಗ ಅದರ ಗುರುತು ನನಗೆ ಸಿಗಲಿಲ್ಲ.

ಇದು ನನಗೆ ಹೊಳೆದದ್ದು ಬಹಳ ತಡವಾಗಿ, ಅದೂ ಇಂಗ್ಲೆಂಡಿನಲ್ಲಿ. ನನ್ನ ಮಗಳು ಆ ದೇಶದ ಈಶಾನ್ಯ ಭಾಗದಲ್ಲಿ ಸಂಸಾರ ಹೂಡಿದ್ದಾಳೆ. 2017ರ ಬೇಸಗೆಯಲ್ಲಿ ಅವಳ ಮನೆಗೆ ಹೋಗಿದ್ದೆ. ಅದು ಕಲ್ಲಿದ್ದಲಿನ ಸೀಮೆ. ಡರಂ ಪ್ರಾಂತದ ಗಣಿಗಳೆಲ್ಲ 1990ರ ದಶಕದ ಆರಂಭದಲ್ಲೇ ಮುಚ್ಚಿಹೋಗಿವೆ. ಆದರೂ ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಶನಿವಾರ ಗಣಿಕಾರ್ಮಿಕರ ಜಾತ್ರೆ ನಡೆಯುತ್ತದೆ; 1871ರಿಂದ ನಡೆದುಬಂದದ್ದು. ಒಂದೊಂದು ಗಣಿಯ ಹಳ್ಳಿಯೂ ತನ್ನ ದೊಡ್ಡ ರೇಷ್ಮೆಯ ಪತಾಕೆಯನ್ನು ಎತ್ತಿಕೊಂಡು, ಹಿತ್ತಾಳೆ ವಾದ್ಯಗಳೊಡನೆ ಮೆರವಣಿಗೆ ಬರುತ್ತದೆ. ನಮ್ಮ ಊರುಗಳಲ್ಲಿ ಉತ್ಸವಮೂರ್ತಿಗಳು ಹೊರಡುವ ಹಾಗೆ. ಗಣಿ ಇಲ್ಲ, ಪತಾಕೆ ಇದೆ. ಗಣಿಗೆ ಇಳಿಯದ ಮೊಮ್ಮಕ್ಕಳು ಅದರ ಹಗ್ಗ ಹಿಡಿದಿರುತ್ತಾರೆ.

ಅಲ್ಲಿಂದ ಉತ್ತರಕ್ಕೆ ಆಷಿಂಗ್‌ಟನ್ ಎಂಬ ಊರಿದೆ. ಅದರ ಪಕ್ಕದ ವುಡ್‌ಹಾರ್ನ್ ಗಣಿ 1981ರಲ್ಲಿ ಮುಚ್ಚಿತು. ನಾನು ಚಿನ್ನದ ಗಣಿಗೆ ಅಧ್ಯಾಪಕನಾಗಿ ಹೋದ ವರ್ಷವೇ. ಈಗ ಅದು ವಸ್ತುಸಂಗ್ರಹಾಲಯ. ಕೇಜನ್ನು ಎಳೆಯುತ್ತಿದ್ದ ಗಾಲಿಗೋಪುರವನ್ನು ಹಾಗೆಯೇ ಉಳಿಸಿದ್ದಾರೆ. ಒಳಗೆ ಹೋದರೆ ಕೂಲಿಗಳೇ ಬರೆದ ಚಿತ್ರಗಳು. 1934ರಲ್ಲಿ ಕೆಲವು ಗಣಿಕಾರ್ಮಿಕರು ಸಂಜೆಯ ತರಗತಿಯಲ್ಲಿ ಚಿತ್ರಕಲೆಯನ್ನು ತಿಳಿಯಬೇಕೆಂದು ಸೇರಿದರು. ಪಾಠ ಹೇಳಲು ಬಂದ ರಾಬರ್ಟ್ ಲಯನ್ ಎಂಬಾತ ಇಟಲಿಯ ಮಹಾಚಿತ್ರಗಳನ್ನು ತೋರಿಸಿದ. ಅವರಿಗೆ ಅದು ಹಿಡಿಸಲಿಲ್ಲ. ಆಗ ಅವನು, ಹಾಗಾದರೆ ನೀವೇ ಬರೆಯಿರಿ, ನಿಮಗೆ ಗೊತ್ತಿರುವುದನ್ನು ಬರೆಯಿರಿ ಎಂದ. ಅವರು ಬರೆದರು: ಸುರಂಗದಲ್ಲಿ ಬಗ್ಗಿ ಕಲ್ಲಿದ್ದಲು ಕಡಿಯುವವನು, ಪಾಳಿ ಮುಗಿಸಿ ಮನೆಗೆ ಬಂದವನು, ಹಿತ್ತಲಿನ ಪಾರಿವಾಳಗಳು, ಕತ್ತಲೆ. ನಾನು ಬಹಳ ಹೊತ್ತು ಅಲ್ಲಿ ನಿಂತೆ. ಮಗಳು ಬಂದು, ‘ಅಪ್ಪಾ, ಕಾಲು ನೋಯುತ್ತಿದೆಯಾ?’ ಎಂದಳು. ನನಗೆ ಆಗ ನೆನಪಾಗುತ್ತಿದ್ದುದು ಇಪ್ಪತ್ತಕ್ಕೆ ಆರು.

ನಮ್ಮ ಗಣಿಗೂ ಆ ಸೀಮೆಗೂ ಬೇರೆ ನಂಟುಗಳೂ ಉಂಟು. 1965ರಲ್ಲಿ ಚಾಂಪಿಯನ್ ರೀಫ್ಸ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಟಾಟಾ ಸಂಶೋಧನ ಸಂಸ್ಥೆಯ ಮೇನನ್, ಶ್ರೀಕಂಠನ್ ಮೊದಲಾದ ವಿಜ್ಞಾನಿಗಳು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಂ ವಿಶ್ವವಿದ್ಯಾನಿಲಯದವರೊಡನೆ ಸೇರಿ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣದ ಸುಳಿವನ್ನು ಹಿಡಿದರು. ಆಕಾಶದಿಂದ ಸುರಿಯುವ ಉಳಿದ ಕಣಗಳನ್ನೆಲ್ಲ ಅಷ್ಟು ದಪ್ಪದ ಬಂಡೆ ತಡೆಯುತ್ತದೆ. ಅದನ್ನೂ ತೂರಿ ಬರುವುದು ಇದೊಂದೇ. ಆಕಾಶವನ್ನು ತಿಳಿಯಲು ಪಾತಾಳಕ್ಕೆ ಇಳಿದ ಈ ಕಥೆ ಪುರಾಣಕ್ಕೆ ಕಡಮೆಯದಲ್ಲ. ಆ ಯಂತ್ರಗಳನ್ನು ಕೆಳಗೆ ಹೊತ್ತವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಅದಿರಲಿ. ಇನ್ನೊಂದು ನಂಟು ಇಂಗ್ಲೆಂಡಿನ ಇನ್ನೊಂದು ತುದಿಯ ಕಾರ್ನ್‌ವಾಲಿನದು. ಅಲ್ಲಿನ ತವರ, ತಾಮ್ರದ ಗಣಿಗಳು ಬಡವಾದಾಗ ಅಲ್ಲಿಯ ಕಸುಬುದಾರರು ಜಗತ್ತಿನ ನಾನಾ ಗಣಿಗಳಿಗೆ ಹೊರಟರು, ನಮ್ಮಲ್ಲಿಗೂ ಬಂದರು. ಅವರ ಊರಿನ ಹಾಳುಬಿದ್ದ ಎಂಜಿನ್ ಮನೆಗಳು 2006ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅವರ ಜೊತೆಗೆ ಬಂದ ಮಾತುಗಳು ನಮ್ಮ ಲೈನುಗಳಲ್ಲಿ ಉಳಿದುವು.

ಆ ಮಾತುಗಳನ್ನು ಹುಡುಕಿಕೊಂಡು ನಾನು ಊರಿಗೆ ಮರಳಿದ ಮೇಲೆ ಮತ್ತೆ ಗಣಿಯ ಊರಿಗೆ ಹೋದೆ. ಬೆಳಗಿನ ಜಾವ ಮಾರಿಕುಪ್ಪದಿಂದ ಹೊರಡುವ ರೈಲು ತುಂಬಿ ತುಳುಕುತ್ತದೆ. ಹಿಂದೆ ಸುತ್ತಣ ಊರಿನವರು ಕೆಲಸಕ್ಕೆ ಇಲ್ಲಿಗೆ ಬರುತ್ತಿದ್ದರು. ಈಗ ಇಲ್ಲಿಯವರು ಸಾವಿರಗಟ್ಟಲೆ ದಿನವೂ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಮರಳುತ್ತಾರೆ. ಗಣಿ ಮುಚ್ಚಿದರೂ ಕತ್ತಲಲ್ಲಿ ಹೊರಟು ಕತ್ತಲಲ್ಲಿ ಬರುವುದು ತಪ್ಪಲಿಲ್ಲ. ಊರಿನ ಸುತ್ತ ಸೈನೈಡ್ ಗುಡ್ಡಗಳು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ಮರಳು ಅದು. ಮೂರು ಕೋಟಿ ಟನ್ನಿಗೂ ಹೆಚ್ಚು. ಮಳೆ ಕೊರೆದ ಅದರ ಮೈ ಸಿನಿಮಾದವರಿಗೆ ಚೆಂದ. ಬೇಸಗೆಯ ಗಾಳಿ ಬೀಸಿದಾಗ ಮನೆಯೊಳಗಿನ ಅನ್ನದ ತಟ್ಟೆಯ ಮೇಲೆ ಅದೇ ಧೂಳು. ಒಳಗಿನ ಧೂಳಿನ ಕಥೆ ಬೇರೆ: ನಮ್ಮ ದೇಶದಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಮೊದಲು ವರದಿಯಾದದ್ದು ಈ ಗಣಿಯಿಂದ, 1947ರಲ್ಲಿ. ಈಗ ಆ ಗುಡ್ಡಗಳಲ್ಲಿಯೂ ಚಿನ್ನ ಉಳಿದಿದೆಯೆಂದು ಅವನ್ನು ಮತ್ತೆ ಅರೆಯುವ ಆಲೋಚನೆಗೆ 2024ರಲ್ಲಿ ರಾಜ್ಯ ಸರ್ಕಾರವೂ ಸಮ್ಮತಿಸಿತು.

ನನ್ನ ಆ ವಿದ್ಯಾರ್ಥಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ದಾಸ್ತಾನಿನ ಲೆಕ್ಕ ಬರೆಯುತ್ತಾನೆ. ದಿನವೂ ಅದೇ ರೈಲು. ಐವತ್ತು ದಾಟಿದ್ದ. ಭಾನುವಾರ ಮನೆಗೆ ಕರೆದುಕೊಂಡು ಹೋದ. ಅದೇ ಲೈನಿನ ಮನೆ. ಮುಂದೆ ಒಂದು ಕೋಣೆ ಹೆಚ್ಚಾಗಿತ್ತು. ಗೋಡೆಯ ಮೇಲೆ ಬುದ್ಧ, ಅಂಬೇಡ್ಕರ್, ಪಕ್ಕದಲ್ಲಿ ತಂದೆಯ ಭಾವಚಿತ್ರ. ಅವರು ಎದೆಯ ಕಾಯಿಲೆಯಿಂದ ತೀರಿಕೊಂಡು ಬಹಳ ವರ್ಷವಾಯಿತಂತೆ. ಚಿತ್ರದ ಚೌಕಟ್ಟಿನ ಮೊಳೆಗೆ ಹಿತ್ತಾಳೆಯ ಬಿಲ್ಲೆಯೊಂದನ್ನು ತೂಗುಹಾಕಿದ್ದರು. ಅದರಲ್ಲಿ ಹೆಸರಿಲ್ಲ, ಬರೀ ಅಂಕಿ. ಕೆಳಗೆ ಇಳಿದವರೆಷ್ಟು, ಮೇಲೆ ಬಂದವರೆಷ್ಟು ಎಂದು ತಾಳೆ ನೋಡುವುದಕ್ಕೆ ಈ ಬಿಲ್ಲೆಯೇ ಆಧಾರ.

ನಾನು ಪ್ರಬಂಧದ ವಿಷಯ ಎತ್ತಿದೆ. ಆ ಉತ್ತರಪತ್ರಿಕೆಗಳು ಎಂದೋ ರದ್ದಿಗೆ ಹೋಗಿದ್ದುವು. ‘ಅದನ್ನು ಇನ್ನೊಮ್ಮೆ ಬರೆದುಕೊಡುತ್ತೀಯೇನಪ್ಪಾ?’ ಎಂದು ಕೇಳಿದೆ. ಅವನು ನಕ್ಕ. ‘ಏನು ಬರೆದಿದ್ದೆನೋ ಮರೆತುಹೋಗಿದೆ ಸಾರ್. ನೀವು ಕೆಂಪು ಇಂಕಿನಲ್ಲಿ ಬರೆದಿದ್ದಿರಲ್ಲ, ಅದು ನೆನಪಿದೆ’ ಎಂದ. ಮಾತಿನಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಅವನ ತಾಯಿ, ಎಂಬತ್ತರ ಮುದುಕಿ, ನಾವು ಏನು ಮಾತಾಡುತ್ತಿದ್ದೇವೆಂದು ತಮಿಳಿನಲ್ಲಿ ಕೇಳಿದರು. ಅವನು ಹೇಳಿದ. ಆಕೆ ನನ್ನ ಕಡೆ ತಿರುಗಿ, ಕನ್ನಡ ತಮಿಳು ಎರಡನ್ನೂ ಬೆರೆಸಿ, ‘ಅವನನ್ನು ಏನು ಕೇಳುತ್ತೀರಿ ಸಾರ್, ಅವನು ಮಲಗಿದ್ದ. ಪಾತ್ರೆ ಆಡಿದಾಗ ಎದ್ದು ಕೂತವಳು ನಾನು. ನನ್ನನ್ನು ಕೇಳಿ’ ಎಂದರು.

ಕೇಳಿದೆ. ಅಂದು ಎರಡು ಗಂಟೆ, ಆಮೇಲೆ ಅನೇಕ ಭಾನುವಾರ. ಆಕೆಯ ಮೂಲಕ ನಿವೃತ್ತ ಕೂಲಿಗಳ ಪರಿಚಯವಾಯಿತು. ಒಂದು ನೋಟುಪುಸ್ತಕದಲ್ಲಿ ಅವರ ಮಾತುಗಳನ್ನು ಬರೆದುಕೊಳ್ಳುತ್ತ ಬಂದಿದ್ದೇನೆ, ಈಗ ಮುನ್ನೂರರಷ್ಟಾಗಿವೆ. ‘ಕಿಬ್ಬಲ್’ ಎಂದರೆ ಬಾವಿಯಂಥ ಶಾಫ್ಟಿನಲ್ಲಿ ಇಳಿಬಿಡುವ ದೊಡ್ಡ ಕಬ್ಬಿಣದ ತೊಟ್ಟಿ, ಕಾರ್ನ್‌ವಾಲಿನ ಮಾತು. ‘ಸ್ಟೋಪು’ ಅದಿರನ್ನು ತೆಗೆದ ಪೊಳ್ಳು. ‘ಸಂಗು’ ದೇವಸ್ಥಾನದ ಶಂಖ, ಇಲ್ಲಿ ಪಾಳಿಯ ಕೂಗು. ‘ಮೇಸ್ತ್ರಿ’ ನಮ್ಮದೇ ಎಂದು ನಾವು ತಿಳಿದಿದ್ದರೂ ಪೋರ್ತುಗೀಸರಿಂದ ಬಂದದ್ದು. ತೆಲುಗಿನವರ ಮಾತೂ ಇವೆ. ನನ್ನ ತಾಯಿಯ ಬಾಯಲ್ಲಿ ಕೇಳಿ ನಾನು ಮರೆತಿದ್ದವು. ಪದಗಳಿಗಿಂತ ಪದಗಳ ಬಳಕೆ ಕಷ್ಟದ್ದು. ಉದಾಹರಣೆಗೆ, ‘ಕೀೞೆ ಹೋದರು’ ಎಂದರೆ ಕೆಲಸಕ್ಕೆ ಹೋದರು ಎಂದು ಅರ್ಥ. ಸತ್ತವರ ವಿಷಯದಲ್ಲಿ ಅವರು ಅದನ್ನು ಎಂದೂ ಬಳಸುವುದಿಲ್ಲ. ಮಣ್ಣು ಮಾಡಿದವರನ್ನು ಕುರಿತೂ ‘ಮೇಲೆ ಹೋದರು’ ಎಂದೇ ಹೇಳುತ್ತಾರೆ. ಇದು ಸ್ವರ್ಗದ ಮಾತೇ ಎಂದು ಕೇಳಿದ್ದಕ್ಕೆ ಒಬ್ಬ ಮುದುಕರು, ‘ಸ್ವರ್ಗ ಎಲ್ಲಿ ಬಂತು ಸಾರ್, ಪಾಳಿ ಮುಗಿದರೆ ಮೇಲೆ ತಾನೇ ಬರಬೇಕು?’ ಎಂದರು.

ಪೆದ್ದಪಲ್ಲಿಯ ಬಳಿಯ ಪುರಾತನ ಜ್ವಾಲಾಮುಖಿಯ ಶಿಲೆಗಳನ್ನು ಭೂವಿಜ್ಞಾನ ಸರ್ವೇಕ್ಷಣೆಯವರು ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದ್ದಾರೆ, ಒಳ್ಳೆಯದು. ಲೈನುಗಳಲ್ಲಿ ಒಂದನ್ನಾದರೂ, ತಟ್ಟಿಯ ಗೋಡೆ ಸಮೇತ, ಹಾಗೆ ಉಳಿಸಬಹುದೇ ಎಂಬುದು ನನ್ನ ಆಸೆ. ಶಾಫ್ಟುಗಳೊಳಗೆ ನೀರು ತುಂಬಿದೆ. ಅಲ್ಲಿಗೆ ಇನ್ನು ಯಾರೂ ಇಳಿಯಲಾರರು. ಇಳಿದವರು ಇನ್ನೂ ಕೆಲವರು ಇದ್ದಾರೆ. ಬಹುಮಂದಿಗೆ ಉಸಿರು ಸಾಲದು. ಒಂದು ವಾಕ್ಯವನ್ನು ಮೂರು ಸಲಕ್ಕೆ ಹೇಳುತ್ತಾರೆ. ಹಾಗಾಗಿ ನನ್ನ ಕೆಲಸ ನಿಧಾನ. ಬರುವ ಭಾನುವಾರ ಆಂಡರ್ಸನ್‌ಪೇಟೆಯಲ್ಲಿ ಒಬ್ಬರು ಸಿಗುತ್ತೇನೆಂದು ಹೇಳಿದ್ದಾರೆ. ಆಳದ ಮಟ್ಟಗಳಲ್ಲಿ ಬಂಡೆ ಸಿಡಿಯುವ ಮೊದಲು ಅದು ಮಾಡುವ ಸಣ್ಣ ಸದ್ದಿಗೆ ಅವರ ಪಾಳಿಯವರು ಒಂದು ಹೆಸರಿಟ್ಟಿದ್ದರಂತೆ. ಅದನ್ನು ಫೋನಿನಲ್ಲಿ ಹೇಳಲು ಒಪ್ಪಲಿಲ್ಲ. ಬಂದು ಕೂತರೆ ಹೇಳುತ್ತೇನೆ ಎಂದಿದ್ದಾರೆ.

(ಆಕಾಶವಾಣಿಯ ಕೃಪೆ)